ರಿಫ್ಟ್, ವೈವ್, ಪಿಎಸ್ ವಿಆರ್: ಒನ್ ಬಿಎಚ್‌ಕೆ ಮನೆಗೆ ಯಾವುದು?

ವೈವ್ ಹೆಡ್‌ಸೆಟ್ ಹಾಕಿಕೊಂಡು ನಡೆದಾಡಿ ಆಡಬೇಕಾದರೆ ಕನಿಷ್ಠ 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಖಾಲಿ ನೆಲ ಬೇಕು ಎಂದು ಅದನ್ನು ಮಾಡಿದ ಎಚ್‌ಟಿಸಿ ಕಂಪನಿಯೇ ಹೇಳಿತ್ತು. ನಮ್ಮ ಲೆಕ್ಕದಲ್ಲಿ ಆರೂವರೆ ಅಡಿಗೆ ಐದಡಿ. ಕೇಳೋಕೆ ಸಣ್ಣದು. ಆದರೆ ಮುಂಬಯಿ ಹತ್ತಿರದ ಡೊಂಬಿವಲಿಯ ಒನ್ ಬಿಎಚ್‌ಕೆ ಮನೆಯ ಹಾಲ್‌ನಲ್ಲಿ ಸೋಫಾ ಕಮ್ ಬೆಡ್, ಟಿವಿ ಸ್ಟ್ಯಾಂಡ್, ಕನ್ನಡಿ ಇರುವ ಕಬ್ಬಿಣದ ಕಪಾಟು ಇಟ್ಟ ಮೇಲೆ ಉಳಿಯುವುದು ಎಷ್ಟು ಅಂತ ಇಲ್ಲಿ ಇದ್ದವರಿಗೆ ಗೊತ್ತು. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಕೂಡ ಒಳಗೆ ಬರುತ್ತದೆ. ಆಮೇಲೆ ನೆಲ ಹುಡುಕಬೇಕು.

ಹಾಗಾಗಿ 2016ರಲ್ಲಿ ಬಂದ ಮೂರು ದೊಡ್ಡ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್‌ಗಳನ್ನು ನಾನು ಅಳೆಯುವ ರೀತಿ ಸ್ವಲ್ಪ ಬೇರೆ. ಆಕ್ಯುಲಸ್‌ನ ರಿಫ್ಟ್, ಎಚ್‌ಟಿಸಿಯ ವೈವ್ ಎರಡಕ್ಕೂ ಕಂಪ್ಯೂಟರ್ ಬೇಕು, ಸೋನಿಯ ಪಿಎಸ್ ವಿಆರ್‌ಗೆ ಟಿವಿಗೆ ಸಿಕ್ಕಿಸುವ ಪ್ಲೇಸ್ಟೇಷನ್ 4 ಗೇಮ್ ಯಂತ್ರ ಬೇಕು. ಪರದೆ ಎಷ್ಟು ಚೆನ್ನಾಗಿದೆ ಅನ್ನೋದು ಆಮೇಲಿನ ಮಾತು. ಎಲ್ಲಿ ನಿಂತು ಆಡೋದು? ಹೊಟ್ಟೆ ತೊಳಸುತ್ತಾ? ನಾನು ಮುಖಕ್ಕೆ ಡಬ್ಬ ಕಟ್ಟಿಕೊಂಡು ಕೈ ಬೀಸುತ್ತಿರುವಾಗ ಮನೆಯವರು ಏನು ಮಾಡುತ್ತಿರಬೇಕು? ಈ ಮೂರನೇ ಪ್ರಶ್ನೆಯನ್ನು ವಿಮರ್ಶೆ ಬರೆಯುವವರು ಯಾರೂ ಕೇಳುವುದಿಲ್ಲ. ಅವರೆಲ್ಲ ಒಬ್ಬೊಬ್ಬರಿಗೆ ಒಂದೊಂದು ರೂಮ್ ಇರುವ ಮನೆಯವರು ಅಂತ ಕಾಣುತ್ತದೆ.

ರಿಫ್ಟ್ ಮತ್ತು ವೈವ್ ಎರಡನ್ನೂ ನಾನು ಹೆಚ್ಚಾಗಿ ಆಡಿದ್ದು ಅಂಧೇರಿಯಲ್ಲಿ, ಗೆಳೆಯನ ಆಫೀಸಿನಲ್ಲಿ. ಇನ್ನೂ ಕಟ್ಟದ ಫ್ಲ್ಯಾಟ್‌ಗಳನ್ನು ಗಿರಾಕಿಗಳಿಗೆ ವಿಆರ್‌ನಲ್ಲಿ ತೋರಿಸುವುದು ಅವರ ಕೆಲಸ. ಒಂದು ಸೋಫಾ ಹಾಕಿದರೆ ಮುಗಿದುಹೋಗುವ ಫ್ಲ್ಯಾಟನ್ನು ತೋರಿಸಲು ಅದರ ಎರಡರಷ್ಟು ದೊಡ್ಡ ಹಾಲ್! ಶನಿವಾರ ಸಂಜೆ ಗಿರಾಕಿಗಳು ಇರುತ್ತಿರಲಿಲ್ಲ, ನಾವು ಇರುತ್ತಿದ್ದೆವು. ಪಿಎಸ್ ವಿಆರ್ ಮಾತ್ರ ನನ್ನದೇ. ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡು, ಲೋಕಲ್‌ನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದಿದ್ದು.

ಇವಕ್ಕೂ ಮೊದಲು ಫೋನ್ ಸಿಕ್ಕಿಸುವ ವಿಆರ್ ಬಂದಿತ್ತು. 2014ರಲ್ಲಿ ಗೂಗಲ್ ತೋರಿಸಿದ ಕಾರ್ಡ್‌ಬೋರ್ಡ್ ಅಂದರೆ ಒಂದು ರಟ್ಟಿನ ಡಬ್ಬ, ಎರಡು ಲೆನ್ಸ್, ಬಟನ್ ಬದಲಿಗೆ ಒಂದು ಆಯಸ್ಕಾಂತ. 2015ರ ಕೊನೆಗೆ ಸ್ಯಾಮ್‌ಸಂಗ್‌ನ ಗೇರ್ ವಿಆರ್ ಅಂಗಡಿಗೆ ಬಂತು. ತಲೆ ಅತ್ತಿತ್ತ ತಿರುಗಿಸಿದ್ದು ಇವಕ್ಕೆ ತಿಳಿಯುತ್ತದೆ. ಮುಂದೆ ಬಾಗಿದ್ದು ತಿಳಿಯುವುದಿಲ್ಲ. ನೀವು ಬಾಗಿದಷ್ಟೂ ಎದುರಿನ ಮೇಜು ಅಷ್ಟೇ ದೂರ ಸರಿದುಕೊಳ್ಳುತ್ತದೆ. ನೆಂಟರ ಮಕ್ಕಳಿಗೆ ರೋಲರ್ ಕೋಸ್ಟರ್ ವಿಡಿಯೊ ತೋರಿಸೋಕೆ ಸಾಕು. ಈ ಸ್ಪರ್ಧೆಗೆ ಬೇಡ.

ಪರದೆಯ ಅಂಕಿಗಳನ್ನು ಬೇಗ ಮುಗಿಸುತ್ತೇನೆ. ರಿಫ್ಟ್, ವೈವ್ ಎರಡರಲ್ಲೂ ಒಂದೊಂದು ಕಣ್ಣಿಗೆ 1080x1200 ಪಿಕ್ಸೆಲ್. ಪಿಎಸ್ ವಿಆರ್‌ನಲ್ಲಿ 960x1080. ಕಾಗದದ ಮೇಲೆ ಸೋನಿ ಹಿಂದೆ. ಆದರೆ ಅದರ ಪ್ರತಿ ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಮೂರೂ ಚುಕ್ಕಿಗಳಿವೆ. ಉಳಿದೆರಡರಲ್ಲಿ ಪಕ್ಕಪಕ್ಕದ ಪಿಕ್ಸೆಲ್‌ಗಳು ಹಂಚಿಕೊಳ್ಳುತ್ತವೆ. ಆದ್ದರಿಂದ ಸೊಳ್ಳೆಪರದೆಯೊಳಗಿಂದ ನೋಡಿದ ಹಾಗೆ ಕಾಣುವ ಆ ಗೆರೆಗಳು ಪಿಎಸ್ ವಿಆರ್‌ನಲ್ಲಿ ಕಡಿಮೆ. ದೂರದ ಅಕ್ಷರ ಮೂರರಲ್ಲೂ ಮಸುಕು. ಆಟ ಚೆನ್ನಾಗಿದ್ದರೆ ಎರಡು ನಿಮಿಷದಲ್ಲಿ ಇದೆಲ್ಲ ಮರೆತುಹೋಗುತ್ತದೆ.

ಮೂರರಲ್ಲಿ ಮೊದಲು ಬಂದದ್ದು ರಿಫ್ಟ್, 2016ರ ಮಾರ್ಚ್ 28ರಂದು, 599 ಡಾಲರ್‌ಗೆ. ಹಾಕಿಕೊಳ್ಳೋಕೆ ಹಗುರ, ಹೆಡ್‌ಫೋನ್ ಅದರಲ್ಲೇ ಇದೆ. ಆದರೆ ಪೆಟ್ಟಿಗೆಯೊಳಗೆ ಕೊಟ್ಟ ಕಂಟ್ರೋಲರ್ ಎಕ್ಸ್‌ಬಾಕ್ಸ್ ಗೇಮ್ ಯಂತ್ರದ್ದು, ಬರೀ ಬಟನ್‌ಗಳದ್ದು. ಜೊತೆಗೆ ಬಂದ 'ಲಕೀಸ್ ಟೇಲ್' ಒಂದು ಪುಟ್ಟ ನರಿಯ ಆಟ. ನರಿ ಓಡುತ್ತದೆ, ನೀವು ಮೇಲಿನಿಂದ ನೋಡುತ್ತೀರಿ, ಬಾಗಿ ಮರದ ಹಿಂದೆ ಇಣುಕಬಹುದು. ಮುದ್ದಾಗಿದೆ. 'ಈವ್ ವಾಲ್ಕಿರಿ'ಯಲ್ಲಿ ನೀವು ಯುದ್ಧನೌಕೆಯ ಪೈಲಟ್. ಕೊಳವೆಯೊಳಗಿಂದ ಬಾಹ್ಯಾಕಾಶಕ್ಕೆ ಚಿಮ್ಮುವ ಆ ಮೊದಲ ಕ್ಷಣಕ್ಕೆ ಎದೆ ಝಲ್ ಅನ್ನದವರನ್ನು ನಾನು ನೋಡಿಲ್ಲ. ಕತ್ತು ಹೊರಳಿಸಿ ಶತ್ರು ನೌಕೆಯನ್ನು ಹಿಂಬಾಲಿಸುವುದಂತೂ ಸಾಧಾರಣ ಟಿವಿಯಲ್ಲಿ ಸಿಗದ ಸುಖ. ಕೆಳಗೆ ನೋಡಿದರೆ ಪೈಲಟ್‌ನ ಮೈ ಇದೆ, ಕೈ ಇದೆ. ನನ್ನ ಕೈ ಎತ್ತಿದರೆ ಮಾತ್ರ ಅದು ಏಳುವುದಿಲ್ಲ. ಅಷ್ಟು ಹೊತ್ತು ನಂಬಿದ್ದ ಕಣ್ಣಿಗೆ ಅಲ್ಲಿ ಅನುಮಾನ ಶುರುವಾಗುತ್ತದೆ.

ಒಂದು ವಾರದ ನಂತರ, ಏಪ್ರಿಲ್ 5ಕ್ಕೆ ವೈವ್ ಬಂತು. 799 ಡಾಲರ್. ಜಾಸ್ತಿ ಹಣಕ್ಕೆ ಜಾಸ್ತಿ ಕೊಟ್ಟದ್ದು ಏನು ಅಂದರೆ ಎರಡು ಕೈ, ಅಂದರೆ ಎರಡು ಕೈಯಲ್ಲೂ ಹಿಡಿಯುವ ಕೋಲಿನಂಥ ಕಂಟ್ರೋಲರ್. ರೂಮಿನ ಎರಡು ಮೂಲೆಗಳಲ್ಲಿ ಇಡುವ ಪುಟ್ಟ ಡಬ್ಬಗಳು ಲೇಸರ್ ಬೀಸುತ್ತಿರುತ್ತವೆ. ಹೆಡ್‌ಸೆಟ್ ಮತ್ತು ಕೋಲುಗಳ ಮೇಲಿನ ಸೆನ್ಸರ್‌ಗಳಿಗೆ ಆ ಲೇಸರ್ ಯಾವಾಗ ತಾಗಿತು ಎನ್ನುವ ಲೆಕ್ಕದಿಂದ ನೀವು ಎಲ್ಲಿದ್ದೀರಿ ಎಂದು ಗೊತ್ತಾಗುತ್ತದೆ. ತುಂಬಾ ನಿಖರ. ಗಾಜು, ಕನ್ನಡಿ ಇದ್ದರೆ ಲೇಸರ್ ಪ್ರತಿಫಲಿಸಿ ಗೊಂದಲವಾಗುತ್ತದೆ ಅಷ್ಟೇ. ಆಫೀಸಿನ ಗಾಜಿನ ಗೋಡೆಗೆ ಹಳೇ ಫ್ಲೆಕ್ಸ್ ಬ್ಯಾನರ್ ಕಟ್ಟಿ ಆಡುತ್ತಿದ್ದೆವು.

ವೈವ್ ಏನು ಅಂತ ನನಗೆ ಅರ್ಥ ಮಾಡಿಸಿದ್ದು 'ಜಾಬ್ ಸಿಮ್ಯುಲೇಟರ್'. ಕಥೆ 2050ರದು. ಕೆಲಸವೆಲ್ಲ ರೋಬೋಟ್‌ಗಳ ಪಾಲಾಗಿದೆ. ಹಿಂದಿನ ಕಾಲದ ಮನುಷ್ಯರು ಹೇಗೆ ದುಡಿಯುತ್ತಿದ್ದರು ಎಂದು ತೋರಿಸುವ ಮ್ಯೂಸಿಯಂ ಥರದ ಜಾಗ. ಆಫೀಸು, ಅಡುಗೆಮನೆ, ಅಂಗಡಿ, ಗ್ಯಾರೇಜು, ನಾಲ್ಕೇ ಕೆಲಸ. ಮಗ್ ಎತ್ತಬಹುದು, ಕಾಫಿ ಸುರಿಯಬಹುದು, ಸ್ಟೇಪ್ಲರ್ ಎಸೆಯಬಹುದು. (ವಾರವಿಡೀ ಆಫೀಸಿನಲ್ಲಿ ದುಡಿದು, ಶನಿವಾರ ಇನ್ನೊಂದು ಆಫೀಸಿಗೆ ಹೋಗಿ ಆಫೀಸಿನ ಆಟ ಆಡಿದ್ದಕ್ಕೆ ಮನೆಯಲ್ಲಿ ಸಿಕ್ಕಿದ ಮರ್ಯಾದೆ ಇಲ್ಲಿ ಬೇಡ.) ಒಮ್ಮೆ ಗೆಳೆಯನ ಅಪ್ಪ ಬಂದಿದ್ದರು. ಉಡುಪಿ ಕಡೆಯವರು, ಇಲ್ಲಿ ವರ್ಷಗಟ್ಟಲೆ ಹೋಟೆಲ್ ನಡೆಸಿದವರು, ಒಂದೇ ಒಂದು ವಿಡಿಯೊ ಗೇಮ್ ಆಡಿದವರಲ್ಲ. ಅಡುಗೆಮನೆಯ ಭಾಗ ಹಾಕಿ ಕೊಟ್ಟೆವು. ಯಾರೂ ಏನೂ ಹೇಳಿಕೊಡಲಿಲ್ಲ. ಫ್ರಿಜ್ ತೆಗೆದರು, ಮೊಟ್ಟೆ ತೆಗೆದರು, ಒಡೆದರು. ಸುತ್ತ ಒಮ್ಮೆ ನೋಡಿ, "ಇಷ್ಟು ಸಣ್ಣ ಕಿಚನ್‌ನಲ್ಲಿ ಬೆಳಗ್ಗಿನ ರಶ್ ಹೇಗೆ ಸುಧಾರಿಸ್ತಾರೆ ಮಾರಾಯಾ?" ಅಂದರು.

ಅದೇ ಮನುಷ್ಯನಿಗೆ ಎಕ್ಸ್‌ಬಾಕ್ಸ್ ಕಂಟ್ರೋಲರ್ ಕೊಟ್ಟಿದ್ದರೆ ಮೊದಲು ಕೇಳುತ್ತಿದ್ದದ್ದು "ಯಾವ ಬಟನ್?" ಎಂದು. ನನ್ನ ಮಟ್ಟಿಗೆ 2016ರ ಏಪ್ರಿಲ್‌ನಲ್ಲಿ ರಿಫ್ಟ್ ಮತ್ತು ವೈವ್ ನಡುವಿನ ಅಂತರ ಇದೇ.

ಎಚ್‌ಟಿಸಿ ಜೊತೆ ಸೇರಿ ವೈವ್ ರೂಪಿಸಿದ ವಾಲ್ವ್ ಕಂಪನಿ ಉಚಿತವಾಗಿ ಕೊಟ್ಟ 'ದಿ ಲ್ಯಾಬ್'ನಲ್ಲಿ ಬಿಲ್ಲಿನ ಆಟವಿದೆ. ಎಡಗೈಯಲ್ಲಿ ಬಿಲ್ಲು, ಬಲಗೈಯಲ್ಲಿ ಬಾಣ. ಹೆದೆ ಎಳೆದಂತೆ ಕೈಯಲ್ಲಿನ ಕೋಲು ಗರಗರ ನಡುಗುತ್ತದೆ. ಬರೀ ಆ ನಡುಕದಿಂದ ಹೆದೆ ಬಿಗಿಯಾದಂತೆ ಅನ್ನಿಸುತ್ತದೆ. 'ಸ್ಪೇಸ್ ಪೈರೇಟ್ ಟ್ರೇನರ್'ನಲ್ಲಿ ಹಾರುವ ರೋಬೋಟ್‌ಗಳು ಗುಂಡು ಹೊಡೆಯುತ್ತವೆ, ನೀವು ಮೈ ಬಗ್ಗಿಸಿ ತಪ್ಪಿಸಿಕೊಳ್ಳಬೇಕು. ಮರುದಿನ ತೊಡೆ ಹಿಡಿದುಕೊಂಡಿರುತ್ತದೆ. ಇಷ್ಟೆಲ್ಲ ಆಡಿದರೂ ವಾಕರಿಕೆ ಇಲ್ಲ. ಕಾಲು ನಡೆದಷ್ಟೇ ಕಣ್ಣೂ ನಡೆಯುತ್ತದಲ್ಲ, ಅದಕ್ಕೆ. ಗೋಡೆ ಹತ್ತಿರ ಬಂದರೆ ನೀಲಿ ಗೆರೆಗಳ ಜಾಲ ಮೂಡಿ ಎಚ್ಚರಿಸುತ್ತದೆ. ಎಚ್ಚರಿಸದೆ ಇರುವುದು ಒಂದೇ, ಕಾಲಿಗೆ ಸುತ್ತಿಕೊಳ್ಳುವ ವಯರ್.

ಹಾಗಾದರೆ ವೈವೇ ಕೊಳ್ಳಬಹುದಿತ್ತಲ್ಲ? ಗೆಳೆಯ ಒಂದು ಭಾನುವಾರ ಎಲ್ಲ ಸಾಮಾನು ಹೊತ್ತು ಡೊಂಬಿವಲಿಗೆ ಬಂದ. ಕಪಾಟಿನ ಕನ್ನಡಿಗೆ ಬೆಡ್‌ಶೀಟ್ ಹೊದಿಸಿದೆವು. ಟೀಪಾಯಿ ಅಡುಗೆಮನೆಗೆ ಹೋಯಿತು, ಅಮ್ಮ ಬೆಡ್‌ರೂಮಿಗೆ. ಬೇಕಾದ ಆರೂವರೆ ಅಡಿ ಹೇಗೋ ಹೊಂದಿತು. ಆಮೇಲೆ ನೆನಪಾದದ್ದು ತಲೆ ಮೇಲಿನ ಫ್ಯಾನ್. ಅದು ತಿರುಗುತ್ತಿರುವಾಗ ಬಾಣಕ್ಕೆ ಕೈ ಎತ್ತುವ ಧೈರ್ಯ ಯಾರಿಗೂ ಇಲ್ಲ. ಆಫ್ ಮಾಡಿದರೆ ಮುಂಬಯಿಯ ಸೆಕೆಗೆ ಮುಖ ಬೆವರಿ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಕೆಳಗಿನ ಮನೆಯವರು ಮೇಲೆ ಬಂದು "ಏನು ರಿಪೇರಿ ನಡೀತಿದೆ?" ಅಂತ ವಿಚಾರಿಸಿ ಹೋದರು. ಬೆಲೆಯ ಮಾತು ಬೇರೆ. 2017ರಲ್ಲಿ ಭಾರತಕ್ಕೆ ಅಧಿಕೃತವಾಗಿ ಬಂದಾಗ ವೈವ್‌ಗೆ 92,990 ರೂಪಾಯಿ, ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಪ್ರತ್ಯೇಕ.

ರಿಫ್ಟ್‌ಗೂ ಕೈ ಬಂತು, 2016ರ ಡಿಸೆಂಬರ್‌ನಲ್ಲಿ. ಟಚ್ ಕಂಟ್ರೋಲರ್, 199 ಡಾಲರ್ ಮೇಲಿಂದ. ತಡವಾಗಿ ಬಂದರೂ ವೈವ್‌ನ ಕೋಲಿಗಿಂತ ಚೆನ್ನ. ಅದು ಮುಷ್ಟಿಯೊಳಗೆ ಕೂರುತ್ತದೆ, ತೋರುಬೆರಳು ಎತ್ತಿದ್ದು ಕೂಡ ತಿಳಿಯುತ್ತದೆ. 'ರೋಬೋ ರಿಕಾಲ್'ನಲ್ಲಿ ಬರುವ ಗುಂಡನ್ನು ಗಾಳಿಯಲ್ಲೇ ಹಿಡಿದು ವಾಪಸ್ ಎಸೆಯಬಹುದು. 'ಸೂಪರ್‌ಹಾಟ್ ವಿಆರ್' ಇನ್ನೂ ಜಾಣ ಆಟ: ನೀವು ಅಲುಗಿದರೆ ಮಾತ್ರ ಕಾಲ ಸರಿಯುತ್ತದೆ. ಸುಮ್ನೆ ನಿಂತರೆ ಗುಂಡೂ ನಿಲ್ಲುತ್ತದೆ. ಇದಕ್ಕೆ ದೊಡ್ಡ ಹಾಲ್ ಬೇಕಿಲ್ಲ, ಒಂದು ಚಾಪೆಯಷ್ಟು ಜಾಗ ಸಾಕು. ಇಂಥ ಆಟಗಳು ಜಾಸ್ತಿ ಇದ್ದಿದ್ದರೆ ನನ್ನ ತೀರ್ಮಾನ ಬೇರೆಯಾಗುತ್ತಿತ್ತೋ ಏನೋ.

ಪಿಎಸ್ ವಿಆರ್ ಬಂದದ್ದು 2016ರ ಅಕ್ಟೋಬರ್ 13ರಂದು, 399 ಡಾಲರ್‌ಗೆ. ತಾಂತ್ರಿಕವಾಗಿ ಮೂರರಲ್ಲಿ ಹಿಂದುಳಿದದ್ದು ಇದೇ. ಇದಕ್ಕೆ ಇರುವುದು ಒಂದೇ ಕ್ಯಾಮೆರಾ. ಹೆಡ್‌ಸೆಟ್ ಮೇಲಿನ ನೀಲಿ ದೀಪಗಳು, ಕೈಯಲ್ಲಿ ಹಿಡಿಯುವ ಮೂವ್ ಕಂಟ್ರೋಲರ್ ತುದಿಯ ಬಣ್ಣದ ಗೋಲಿ, ಇವನ್ನು ನೋಡಿ ಅದು ಅಂದಾಜು ಮಾಡುತ್ತದೆ. ಮೂವ್ ಕಂಟ್ರೋಲರ್ 2010ರ ಸಾಮಾನು. ಬೆನ್ನು ತಿರುಗಿಸಿದರೆ ಕೈ ಮಾಯ. ಕ್ಯಾಮೆರಾ ನೋಡುವುದು ಬೆಳಕನ್ನು ತಾನೇ? ಗಣಪತಿ ಕೂರಿಸಿದ ವಾರದಲ್ಲಿ ಹಿಂದಿನ ಗೋಡೆಗೆ ಹಾಕಿದ ಸೀರಿಯಲ್ ಲೈಟ್ ಆರಿಸದೆ ಆಡೋಕೆ ಆಗಲ್ಲ. ದೇವರ ಮುಂದಿನ ದೀಪ ಆರಿಸಿ ಗೇಮ್ ಆಡುತ್ತೇನೆ ಅಂತ ನಮ್ಮ ಮನೆಯಲ್ಲಿ ಹೇಳುವ ಹಾಗೂ ಇಲ್ಲ.

ಆದರೆ ಕೂತು ಆಡುವ ಆಟಗಳನ್ನು ಸೋನಿಯವರ ಹಾಗೆ ಯಾರೂ ಕೊಡಲಿಲ್ಲ. 'ರಶ್ ಆಫ್ ಬ್ಲಡ್'ನಲ್ಲಿ ಹಳಿ ಮೇಲೆ ಓಡುವ ಗಾಡಿಯಲ್ಲಿ ಕೂತು ಗುಂಡು ಹೊಡೆಯುವುದು. ನೀವು ಸೋಫಾದಲ್ಲಿ, ನಿಮ್ಮ ಪಾತ್ರ ಗಾಡಿಯಲ್ಲಿ. ಹೊಂದಾಣಿಕೆ ಆಯಿತು.

ಇಲ್ಲಿ ಹೊಟ್ಟೆಯ ವಿಷಯ. ಕಣ್ಣಿಗೆ ಓಡುತ್ತಿರುವ ಹಾಗೆ ಕಂಡು, ಒಳಗಿವಿಗೆ ಕೂತಿರುವುದು ಗೊತ್ತಾದರೆ ವಾಕರಿಕೆ. ಬಸ್ಸಿನಲ್ಲಿ ಪುಸ್ತಕ ಓದಿದಾಗ ಆಗುವುದೂ ಈ ಜಗಳದಿಂದಲೇ. 'ರಿಗ್ಸ್' ಎನ್ನುವ ಆಟದಲ್ಲಿ ದೊಡ್ಡ ಯಂತ್ರದೊಳಗೆ ಕೂತು ಓಡುವುದು, ಜಿಗಿಯುವುದು, ಗಿರ್ರನೆ ತಿರುಗುವುದು. ಆಟ ಅದ್ಭುತ, ನನ್ನ ಹೊಟ್ಟೆ ಮಾತ್ರ ಒಪ್ಪಲಿಲ್ಲ. ಸಂಜೆ ಇಡೀ ನಿಂಬೆ ಮೂಸುತ್ತಾ ಕೂತೆ. 2017ರ ಜನವರಿಯಲ್ಲಿ ಬಂದ 'ರೆಸಿಡೆಂಟ್ ಈವಿಲ್ 7' ಅದೇ ಸಮಸ್ಯೆಯನ್ನು ಬುದ್ಧಿಯಿಂದ ದಾಟಿತು. ತಿರುಗುವಾಗ ದೃಶ್ಯ ಜಾರುವುದಿಲ್ಲ, ತುಂಡುತುಂಡಾಗಿ ಜಿಗಿಯುತ್ತದೆ. ನಡಿಗೆ ನಿಧಾನ. ಇಡೀ ಆಟವನ್ನು ಮೊದಲಿನಿಂದ ಕೊನೆಯವರೆಗೆ ವಿಆರ್‌ನಲ್ಲೇ ಆಡಬಹುದು. ಆಗಿನ ಕಾಲಕ್ಕೆ ಇದು ದೊಡ್ಡ ಸಂಗತಿ. ವೈವ್‌ನಲ್ಲಿ ಅಷ್ಟೊಂದು ಚೆಂದದ ಆಟಗಳಿದ್ದರೂ ಹೆಚ್ಚಿನವು ಒಂದು ಸಂಜೆಗೆ ಮುಗಿಯುವಂಥವು. ಇದು ವಾರಗಟ್ಟಲೆ ಹಿಡಿದಿಟ್ಟಿತು. ಬಾಗಿಲ ಸಂದಿಯಿಂದ ಇಣುಕಬೇಕಾದರೆ ನಿಜವಾಗಿಯೂ ಕತ್ತು ಚಾಚಬೇಕು. ಚಾಚೋಕೆ ಮನಸ್ಸು ಬರಲ್ಲ. ಟಿವಿಯಲ್ಲಿ ಆಡಿದವರು ಇದೇ ಆಟ ನಾವೂ ಆಡಿದ್ದೇವೆ ಅನ್ನುತ್ತಾರೆ. ಇಲ್ಲ, ಆಡಿಲ್ಲ.

ಇನ್ನು ಮನೆಯವರು. ಪಿಎಸ್ ವಿಆರ್ ಜೊತೆ ಬರುವ ಪುಟ್ಟ ಪ್ರೊಸೆಸರ್ ಡಬ್ಬ ಹೆಡ್‌ಸೆಟ್‌ಗೆ ಒಂದು, ಟಿವಿಗೆ ಇನ್ನೊಂದು ಚಿತ್ರ ಕಳಿಸಬಲ್ಲದು. 'ಪ್ಲೇರೂಮ್ ವಿಆರ್' ಉಚಿತ. ಅದರಲ್ಲಿ ಹೆಡ್‌ಸೆಟ್ ಹಾಕಿದವರು ಬೆಕ್ಕು, ಟಿವಿ ಎದುರು ಕೂತವರು ಚೀಸ್ ಕದಿಯಲು ಬರುವ ಇಲಿಗಳು. ಅಣ್ಣನ ಮಕ್ಕಳು ಬಂದಾಗ ಬೇರೆ ಆಟವೇ ಬೇಡ.

ಇನ್ನೊಂದು 'ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್'. ಹೆಡ್‌ಸೆಟ್ ಹಾಕಿದವನಿಗೆ ಮಾತ್ರ ಬಾಂಬ್ ಕಾಣುತ್ತದೆ. ಅದನ್ನು ನಿಷ್ಕ್ರಿಯ ಮಾಡುವ ವಿವರಗಳ ಕೈಪಿಡಿ ಉಳಿದವರ ಹತ್ತಿರ. ಅದನ್ನು ಪ್ರಿಂಟ್ ಹಾಕಿಸಿಕೊಳ್ಳಬಹುದು. ಅತ್ತಿಗೆ ಕನ್ನಡಕ ಹಾಕಿಕೊಂಡು ಕೈಪಿಡಿ ಹಿಡಿದು ಕೂತರು.

"ಕೆಂಪು ವಯರ್ ಉಂಟಾ?"

"ಉಂಟು ಅತ್ತಿಗೆ. ಒಟ್ಟು ಮೂರು."

"ಕೊನೇದು ಬಿಳಿಯಾ?"

"ಅಲ್ಲ."

"ನೀಲಿ ಎಷ್ಟುಂಟು?"

"ಎರಡು. ಬೇಗ ಹೇಳಿ!"

"ಕೊನೇ ನೀಲಿ ಕತ್ತರಿಸು ಮಾರಾಯಾ, ಬೊಬ್ಬೆ ಹೊಡೀಬೇಡ."

ಗೇಮ್ ಅಂದರೆ ಮುಖ ತಿರುಗಿಸುತ್ತಿದ್ದವರು ರಾತ್ರಿ ಊಟ ತಡ ಮಾಡಿ ಆಡಿದರು. ಈ ಆಟ ವೈವ್, ರಿಫ್ಟ್‌ಗೂ ಇದೆ, 2015ರಲ್ಲೇ ಗೇರ್ ವಿಆರ್‌ಗೂ ಇತ್ತು. ಆದರೆ ಉಳಿದವರು ಕೂರುವುದು ಟಿವಿ ಎದುರಿನ ಸೋಫಾದಲ್ಲಿ ತಾನೇ? ಕಂಪ್ಯೂಟರ್ ಇರುವ ಮೂಲೆಯಲ್ಲಿ ನಾಲ್ಕು ಜನ ಎಲ್ಲಿ ನಿಲ್ಲೋದು?

ನನ್ನ ಮಟ್ಟಿಗೆ ವಿಷಯ ಸ್ಪಷ್ಟ. ಕೈಯಿಂದ ಆಡುವ ಸುಖಕ್ಕೆ ಟಚ್ ಬಂದ ನಂತರದ ರಿಫ್ಟ್. ನಡೆದಾಡುವ ಸುಖಕ್ಕೆ ವೈವ್, ಆದರೆ ಅದು ಜಾಗ ಇರುವವರ ಮಾತು. ಮುಂಬಯಿಯಲ್ಲಿ ಅಂಥ ಜಾಗ ಇರುವುದು ಮಾಲ್‌ನ ಗೇಮ್ ಸೆಂಟರ್‌ಗಳಿಗೆ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಅಲ್ಲೇ ಆಡಿ ಬನ್ನಿ. ಮನೆಗೆ ಪಿಎಸ್ ವಿಆರ್. 2018ರಲ್ಲಿ 'ಬೀಟ್ ಸೇಬರ್' ಬಂದ ಮೇಲಂತೂ ನಿಂತಲ್ಲೇ ನಿಂತು ಕೈ ಬೀಸುವ ಆಟವೂ ಸಿಕ್ಕಿತು. ಕ್ಯಾಮೆರಾ ಎದುರೇ ನಿಲ್ಲುವುದರಿಂದ ಹಳೇ ಮೂವ್ ಕೂಡ ಅದರಲ್ಲಿ ಸುಧಾರಿಸಿಕೊಂಡು ಹೋಗುತ್ತದೆ.

ವಯರ್ ಇಲ್ಲದ ಕ್ವೆಸ್ಟ್ ಹೆಡ್‌ಸೆಟ್ ಬಂದ ಮೇಲೆ ಈ ಮೂರನ್ನೂ ಜನ ಮಾರಿಬಿಟ್ಟರು, ಹಳೇ ಸಾಮಾನಿನ ಪೇಟೆಯಲ್ಲಿ ಸಿಗುತ್ತವೆ. ಪಿಎಸ್ ವಿಆರ್ ಕೊಳ್ಳುವುದಾದರೆ ಪ್ರೊಸೆಸರ್ ಡಬ್ಬ ಮತ್ತು ಹೆಡ್‌ಸೆಟ್ ಒಂದೇ ಮಾದರಿಯವಾ ನೋಡಿ. ಮೊದಲ ಮಾದರಿಯ ಡಬ್ಬ ಎಚ್‌ಡಿಆರ್ (ಬೆಳಕು, ಬಣ್ಣ ಹೆಚ್ಚು ಎದ್ದುಕಾಣುವ) ಚಿತ್ರವನ್ನು ಟಿವಿಗೆ ದಾಟಿಸುವುದಿಲ್ಲ. ಎರಡನೆಯದು ದಾಟಿಸುತ್ತದೆ. ಎರಡರ ಕನೆಕ್ಟರ್ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಮೂವ್ ಕಂಟ್ರೋಲರ್‌ಗಳ ಬ್ಯಾಟರಿಯನ್ನು ಅಂಗಡಿಯಲ್ಲೇ ಆನ್ ಮಾಡಿ ನೋಡಿ. ಕ್ಯಾಮೆರಾ ಸೇರಿದೆಯಾ ಅಂತ ಕೇಳದೆ ದುಡ್ಡು ಕೊಡಬೇಡಿ.