2005ರ ಕೆಂಪು ಮಾರುತಿ 800ಗೆ ರಬ್ಬಿಂಗ್ ಕಾಂಪೌಂಡ್, ವ್ಯಾಕ್ಸ್: ಎರಡು ವರ್ಷ ಆದ್ಮೇಲೆ ಹೆಂಗಿದೆ

ನಮ್ಮಪ್ಪ 2005ರಲ್ಲಿ ತಗೊಂಡಿದ್ದ 800 ಇನ್ನೂ ಮನೇಲೇ ಇದೆ, ಮಂಡ್ಯದಲ್ಲಿ. ಶೆಡ್ ಇಲ್ಲ, ಬೀದಿ ಪಕ್ಕ ಬಿಸಿಲಲ್ಲೇ ನಿಲ್ಲೋದು. ಎಂಜಿನ್ ಗಟ್ಟಿ, ಬಣ್ಣ ಮಾತ್ರ ಸತ್ತೋಗಿತ್ತು. ಬಾನೆಟ್ಟು, ಟಾಪು ಎರಡೂ ಸುಣ್ಣ ಬಳಿದಂಗೆ ಬೆಳ್ಳಗಾಗಿ ಕೈ ಇಟ್ರೆ ಬೆರಳಿಗೆ ಪುಡಿ ಅಂಟೋದು, ಡೋರ್‌ಗಳು ಅಷ್ಟು ಕೆಟ್ಟಿರ್ಲಿಲ್ಲ, ನೆತ್ತಿ ಬಿಸಿಲು ಬೀಳೋದು ಮೇಲ್ಗಡೆಗೇ ಅಲ್ವಾ. ಒಬ್ರು ಪೇಂಟರ್ ನೋಡಿದ ತಕ್ಷಣ ಫುಲ್ ಬಾಡಿ ಪೇಂಟೇ ಆಗ್ಬೇಕು ಅಂದ್ಬಿಟ್ರು. ಅಪ್ಪಂಗೆ ಕಂಪನಿ ಪೇಂಟ್ ಕೆರೆಸೋದು ಇಷ್ಟ ಇರ್ಲಿಲ್ಲ, ನಂಗೂ ಇರ್ಲಿಲ್ಲ.

ತಂದಿದ್ದು ತ್ರೀಎಂ ರಬ್ಬಿಂಗ್ ಕಾಂಪೌಂಡ್, ಒಂದು ಡಬ್ಬಿ ಕಾರ್ನೂಬಾ ವ್ಯಾಕ್ಸ್ (ತಾಳೆ ಜಾತಿ ಮರದ ಎಲೆಯ ಮೇಣ), ಕ್ಲೇ ಬಾರ್ (ಬಣ್ಣಕ್ಕೆ ಅಂಟಿರೋ ಕೊಳೆ ಎತ್ತೋ ಜೇಡಿಮಣ್ಣಿನ ಥರದ ಮೆತ್ತನೆ ಮುದ್ದೆ), ಆರು ಮೈಕ್ರೋಫೈಬರ್ ಬಟ್ಟೆ, ಮಾಸ್ಕಿಂಗ್ ಟೇಪು. ಮೆಷಿನ್ ಇಲ್ಲ, ಎಲ್ಲಾ ಕೈಯಲ್ಲೇ, ಎರಡು ಭಾನುವಾರ ಹಿಡೀತು.

ಮೊದಲು ಶಾಂಪೂ ಹಾಕಿ ತೊಳ್ದು, ನೀರು ಚಿಮುಕಿಸ್ಕೊಂಡು ಕ್ಲೇ ಉಜ್ಜಿದೆ. ಇಲ್ಲಿ ಕಬ್ಬಿನ ಟೈಮಲ್ಲಿ ಆಲೆಮನೆ ಮಸಿ ಬಂದು ಕೂರುತ್ತಲ್ಲ, ಬರೀ ತೊಳೆದ್ರೆ ಅದು ಹೋಗಲ್ಲ, ಕ್ಲೇಗೆ ಬರುತ್ತೆ. ಆಮೇಲೆ ಬಾನೆಟ್ ಮೂಲೇಲಿ ಅಂಗೈ ಅಗಲ ಜಾಗಕ್ಕೆ ಕಾಂಪೌಂಡ್ ಹಾಕಿ ನೋಡ್ದೆ. ಬಟ್ಟೆ ಪೂರ್ತಿ ಕೆಂಪಗಾಯ್ತು, ಗಾಬರಿ ಆಯ್ತು ನಿಜ, ಆದ್ರೆ ಅದು ಒಳ್ಳೇ ಲಕ್ಷಣ ಕಣ್ರೀ. ನಮ್ಮ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನೋ ಬಣ್ಣ ಇಲ್ಲದ ಪಾರದರ್ಶಕ ಪದರ ಇಲ್ಲ, ಬಿಸಿಲಿಗೆ ಸತ್ತಿರೋ ಮೇಲ್ಪದರ ಬಟ್ಟೆಗೆ ಬರ್ತಿದೆ, ಅದರ ಕೆಳಗೆ ಜೀವ ಇರೋ ಬಣ್ಣ ಇದೆ ಅಂತ. ಒರೆಸಿದಾಗ ಆ ಅಂಗೈ ಅಗಲ ಮಾತ್ರ ಹೊಸ ಕುಂಕುಮದ ಥರ ಹೊಳೀತು, ಅಪ್ಪ ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದ್ರು.

ಕಾಂಪೌಂಡ್ ಹೊಳಪು ಹಚ್ಚೋ ಸಾಮಾನಲ್ಲ, ಬಣ್ಣನ ತೆಳ್ಳಗೆ ಸವೆಸೋ ಸಾಮಾನು. ಅದಕ್ಕೇ ಪದೇ ಪದೇ ಹಾಕಂಗಿಲ್ಲ. ಬಾನೆಟ್ ಏಣು, ಡೋರ್ ಅಂಚು ಇಲ್ಲೆಲ್ಲಾ ಪೇಂಟ್ ಮೊದಲೇ ತೆಳು ಇರುತ್ತೆ, ಟೇಪ್ ಅಂಟಿಸ್ಲೇಬೇಕು, ನಾನು ಟಾಪಿನ ಒಂದು ಅಂಚಲ್ಲಿ ಮರೆತು ಪ್ರೈಮರ್ ಕಾಣಿಸ್ಬಿಡ್ತು, ಇವತ್ತಿಗೂ ಹಂಗೇ ಇದೆ. ಬಿಸಿಲಲ್ಲಿ ಕಾದಿರೋ ಗಾಡಿ ಮೇಲೂ ಬೇಡ, ಹಚ್ತಿದ್ದಂಗೇ ಒಣಗಿ ಹಿಡ್ಕೊಳುತ್ತೆ, ಬೆಳಿಗ್ಗೆ ಬೇಗ ಮುಗಿಸ್ಕೊಳ್ಳಿ.

ಈಗ ಎರಡು ವರ್ಷದ ವಿಷಯ. ಕಾಂಪೌಂಡ್ ಹಾಕಿದ್ದು ಅದೊಂದೇ ಸಲ. ಹೊಳಪು ಉಳಿಸಿರೋದು ವ್ಯಾಕ್ಸು. ಹೊಸದಾಗಿ ಹಾಕಿದಾಗ ಮಳೆ ನೀರು ಕೆಸುವಿನೆಲೆ ಮೇಲೆ ನಿಂತಂಗೆ ಮಣಿ ಮಣಿಯಾಗಿ ಉರುಳುತ್ತೆ, ಅದು ನಿಂತೋಗಿ ನೀರು ಹಾಳೆ ಥರ ಹರಡೋಕೆ ಶುರುವಾದ್ರೆ ವ್ಯಾಕ್ಸ್ ಹೋಯ್ತು ಅಂತ ಲೆಕ್ಕ. ನಂಗೆ ಮಳೆಗಾಲ ಚಳಿಗಾಲದಲ್ಲಿ ಮೂರು ತಿಂಗಳು ಬರ್ತಿದೆ, ಏಪ್ರಿಲ್ ಮೇ ಬಿಸಿಲಲ್ಲಿ ಎರಡು ತಿಂಗಳೂ ಕಷ್ಟ. ಆಯುಧ ಪೂಜೇಲಿ ಬಾನೆಟ್‌ಗೆ ಅರಿಶಿನ ಕುಂಕುಮ ಇಟ್ಟಿದ್ದು ಮೊದಲೆಲ್ಲಾ ಕಲೆ ಕಟ್ತಿತ್ತು, ಈಗ ಹಿಂದಿನ ವಾರ ವ್ಯಾಕ್ಸ್ ಮಾಡಿಟ್ರೆ ಒದ್ದೆ ಬಟ್ಟೇಲಿ ಹೋಗುತ್ತೆ.

ಬೋರ್ ನೀರಲ್ಲಿ ತೊಳೆದು ಹಂಗೇ ಒಣಗೋಕೆ ಬಿಡ್ಬೇಡಿ, ಉಪ್ಪಿನ ಬಿಳಿ ಚುಕ್ಕೆ ಕೂರುತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್ಡೂ ಬೇಡ, ವ್ಯಾಕ್ಸ್ ಕಿತ್ಕೊಂಡೋಗುತ್ತೆ.

ಎಲ್ಲಾ ಗಾಡಿಗೂ ಇದು ಆಗಲ್ಲ. ಮೈಸೂರಲ್ಲಿ ನಮ್ಮ ಭಾವನ ಸಿಲ್ವರ್ ಗಾಡಿಗೂ ಮಾಡೋಣ ಅಂತ ಹೋದೆ, ಅದು ಮೆಟಾಲಿಕ್, ಮೇಲಿನ ಕ್ಲಿಯರ್ ಕೋಟ್ ಸಿಪ್ಪೆ ಥರ ಎದ್ದು ಬರ್ತಿತ್ತು. ಅದಕ್ಕೆ ಎಷ್ಟು ಉಜ್ಜಿದ್ರೂ ಪ್ರಯೋಜನ ಇಲ್ಲ, ಆ ಪ್ಯಾನೆಲ್ ಪೇಂಟ್ ಮಾಡಿಸ್ಲೇಬೇಕು ಅಂತ ಹೇಳಿ ಬಂದೆ.

ನಮ್ಮ 800ನ ಹತ್ರ ನಿಂತು ನೋಡಿದ್ರೆ ಹಳೇ ಗೀರುಗಳು ಕಾಣ್ತವೆ, ಆಳವಾಗಿರೋವು ಕಾಂಪೌಂಡ್‌ಗೆ ಹೋಗ್ಲಿಲ್ಲ. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಪೇಪರ್ ಓದಿ ಎದ್ದು ಮೈಕ್ರೋಫೈಬರ್ ಬಟ್ಟೆ ತಗೊಂಡು ಗಾಡಿ ಸುತ್ತ ಒಂದು ರೌಂಡ್ ಹೋಗ್ತಾರೆ. ಕಾಂಪೌಂಡ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಮಂಡ್ಯದಲ್ಲಿ ಯಾರಿಗಾದ್ರೂ ಬೇಕಿದ್ರೆ ಹೇಳಿ, ಕೊಡ್ತೀನಿ.