ಎಪಿ ಪರಿಸರ ವಿಜ್ಞಾನದ ಹಳೆಯ ಪ್ರಶ್ನೆಗಳು: ಓದಬೇಕಾದ್ದು ಅಂಕ ಸೂಚಿಯನ್ನು

ಅಮೆರಿಕದ ಕಾಲೇಜ್ ಬೋರ್ಡ್ ಹೈಸ್ಕೂಲು ಮಕ್ಕಳಿಗೆ ನಡೆಸುವ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಕಾಲೇಜು ಮಟ್ಟದ) ಪರಿಸರ ವಿಜ್ಞಾನ ಪರೀಕ್ಷೆಯ ಹಳೆಯ ವಿವರಣಾತ್ಮಕ ಪ್ರಶ್ನೆಗಳು ಅದರ ಎಪಿ ಸೆಂಟ್ರಲ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಜೊತೆಗೆ ಅಂಕ ಕೊಡುವ ಸೂಚಿ, ವಿದ್ಯಾರ್ಥಿಗಳು ಬರೆದ ಮಾದರಿ ಉತ್ತರಗಳು, ಅವುಗಳಿಗೆ ಅಂಕ ಏಕೆ ಬಂತು, ಏಕೆ ಹೋಯಿತು ಎಂಬ ಟಿಪ್ಪಣಿಯೂ ಇರುತ್ತವೆ. ಅಲ್ಲಿ ಓದುವ ಕನ್ನಡಿಗರ ಮಕ್ಕಳಿಗೆ ಇದು ನೇರ ತಯಾರಿ. ಇಲ್ಲಿ ಪಿಯುಸಿ ಜೀವಶಾಸ್ತ್ರದ ಪರಿಸರ ಅಧ್ಯಾಯಗಳನ್ನು ಓದುವವರೂ ಕಲಿಸುವವರೂ ತಮ್ಮ ತಿಳಿವಳಿಕೆಯನ್ನು ಒರೆಗೆ ಹಚ್ಚಲು ಧಾರಾಳವಾಗಿ ಬಳಸಬಹುದು.

ಈಗಿನ ಪರೀಕ್ಷೆಯಲ್ಲಿ 90 ನಿಮಿಷಕ್ಕೆ 80 ಬಹು ಆಯ್ಕೆಯ ಪ್ರಶ್ನೆಗಳು, 70 ನಿಮಿಷಕ್ಕೆ 3 ವಿವರಣಾತ್ಮಕ ಪ್ರಶ್ನೆಗಳು. ಮೊದಲ ಭಾಗಕ್ಕೆ ಶೇ. 60, ಎರಡನೆಯದಕ್ಕೆ ಶೇ. 40 ತೂಕ. ಮೂರರಲ್ಲಿ ಒಂದು ಪ್ರಯೋಗ ರೂಪಿಸುವುದು, ಇನ್ನೊಂದು ಸಮಸ್ಯೆಗೆ ಪರಿಹಾರ ಸೂಚಿಸುವುದು, ಮತ್ತೊಂದು ಲೆಕ್ಕ ಸಹಿತ ಪರಿಹಾರ; ಪ್ರತಿಯೊಂದಕ್ಕೂ 10 ಅಂಕ. 2019ರವರೆಗಿನ ಪತ್ರಿಕೆಗಳಲ್ಲಿ ವಿವರಣಾತ್ಮಕ ಪ್ರಶ್ನೆಗಳು ನಾಲ್ಕಿದ್ದವು, ಕ್ಯಾಲ್ಕುಲೇಟರ್‌ಗೆ ಅನುಮತಿ ಇರಲಿಲ್ಲ. ಹಾಗಾಗಿ ಸಮಯ ಹಿಡಿದು ಬರೆಯಲು 2021ರ ನಂತರದವನ್ನು ಆರಿಸಿ, ಹಳೆಯವನ್ನು ಕೈಲೆಕ್ಕದ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಇವುಗಳ ನಿಜವಾದ ಬೆಲೆ ಗೊತ್ತಾಗುವುದು ಅಂಕ ಸೂಚಿ ತೆರೆದಾಗ. ಹೊಲದ ಗೊಬ್ಬರ ಕೆರೆಗೆ ಸೇರಿದರೆ ಮೀನು ಏಕೆ ಸಾಯುತ್ತದೆ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. 'ನೀರು ಮಲಿನವಾಗುತ್ತದೆ' ಎಂದರೆ ಅಂಕವಿಲ್ಲ. 'ಪಾಚಿ ಆಮ್ಲಜನಕವನ್ನೆಲ್ಲ ಹೀರುತ್ತದೆ' ಎಂಬುದು ಬಹಳ ಮಕ್ಕಳು ಬರೆಯುವ ತಪ್ಪು. ಸಾರಜನಕ, ರಂಜಕ ಸೇರಿ ಪಾಚಿ ಹಬ್ಬುತ್ತದೆ. ಸತ್ತ ಪಾಚಿಯನ್ನು ಬ್ಯಾಕ್ಟೀರಿಯಾ ಕೊಳೆಸುತ್ತದೆ. ಕೊಳೆಸುವಾಗ ಅದು ಉಸಿರಾಡಿ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತದೆ. ಮೀನಿಗೆ ಉಸಿರು ಸಿಗುವುದಿಲ್ಲ. ಈ ಸರಪಳಿಯ ಒಂದು ಕೊಂಡಿ ಬಿಟ್ಟರೂ ವಿವರಣೆ ಮುರಿಯುತ್ತದೆ. ಈ ಶಿಸ್ತು ಬಂದವರಿಗೆ ಬೆಂಗಳೂರಿನ ಬೆಳ್ಳಂದೂರು ಕೆರೆಯೂ ಬೇರೆಯಾಗಿ ಕಾಣುತ್ತದೆ: ಅಲ್ಲಿ ಜೊಂಡು ಹಬ್ಬುವುದು ಕೊಳಚೆ ನೀರಿನ ಪೋಷಕಾಂಶಗಳಿಂದ, ನೊರೆ ಏಳುವುದು ಮುಖ್ಯವಾಗಿ ಸೋಪು, ಡಿಟರ್ಜೆಂಟ್‌ಗಳ ರಾಸಾಯನಿಕದಿಂದ. ಎರಡನ್ನೂ ಒಂದೇ ಉತ್ತರದಲ್ಲಿ ಕಲಸಬಾರದು.

ಓಜೋನ್ ಇನ್ನೊಂದು ಜಾರುವ ಜಾಗ. ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಅನಿಲಗಳು ವಾತಾವರಣದ ಮೇಲಿನ ಪದರವಾದ ಸ್ಟ್ರಾಟೋಸ್ಫಿಯರ್‌ನ ಓಜೋನನ್ನು ಒಡೆಯುವುದರಿಂದ ನೆಲಕ್ಕೆ ಬರುವ ಅತಿನೇರಳೆ ಕಿರಣ ಹೆಚ್ಚುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದ ಇದಕ್ಕೆ ಸಂಬಂಧಿಸಿದ್ದು. ಭೂಮಿ ಬಿಸಿಯಾಗಲು 'ಓಜೋನ್ ತೂತು' ಕಾರಣ ಎಂದು ಬರೆದರೆ ಅಂಕ ಹೋಯಿತೆಂದೇ ಲೆಕ್ಕ.

ಲೆಕ್ಕಗಳು ಸುಲಭ, ಬೀಳುವುದು ಏಕಮಾನದಲ್ಲಿ. 60 ವಾಟ್ ಬಲ್ಬಿನ ಬದಲು 9 ವಾಟ್ ಎಲ್‌ಇಡಿ ಹಾಕಿ ದಿನಕ್ಕೆ 5 ಗಂಟೆ ಉರಿಸಿದರೆ, 51 × 5 × 365 = 93,075 ವಾಟ್-ಗಂಟೆ; 1000ದಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿತಾಯ. ಆ ಭಾಗಾಕಾರ ಮರೆತವರ ಉತ್ತರ ಸಾವಿರ ಪಟ್ಟು ಹಿಗ್ಗುತ್ತದೆ. ಹಂತ ತೋರಿಸಲು ಕೇಳಿದಾಗ ಬರೀ ಉತ್ತರ ಬರೆದರೆ ಹಂತದ ಅಂಕ ಬರುವುದಿಲ್ಲ. ಜನಸಂಖ್ಯೆ ದುಪ್ಪಟ್ಟಾಗುವ ಅವಧಿಗೆ 70ನ್ನು ಶೇಕಡಾ ಬೆಳವಣಿಗೆಯಿಂದ ಭಾಗಿಸಿ: ಶೇ. 2 ಆದರೆ 35 ವರ್ಷ. ಇಲ್ಲಿ 0.02ರಿಂದ ಭಾಗಿಸುವವರೂ ಇದ್ದಾರೆ.

ಕೊರತೆಗಳಿವೆ. ಬಹು ಆಯ್ಕೆ ಪ್ರಶ್ನೆಗಳ ದೊಡ್ಡ ಸಂಗ್ರಹ ಎಪಿ ತರಗತಿಗೆ ಸೇರಿದವರಿಗೆ ಮಾತ್ರ. ಎಕರೆ, ಗ್ಯಾಲನ್ ಆಗಾಗ ಎದುರಾಗುತ್ತವೆ. ಕಾನೂನುಗಳೂ ಹೆಚ್ಚಾಗಿ ಅಮೆರಿಕದವು. ನಮ್ಮ ವಿದ್ಯಾರ್ಥಿಗಳು ಅವುಗಳ ಜಾಗದಲ್ಲಿ 1972ರ ವನ್ಯಜೀವಿ, 1974ರ ಜಲ, 1981ರ ವಾಯು, 1986ರ ಪರಿಸರ ಕಾಯ್ದೆಗಳನ್ನು ಓದಿಕೊಳ್ಳಬೇಕು. ನೀಟ್‌ಗೆ ಬೇಕಾದ ವೇಗವೂ ಇದರಿಂದ ಬಾರದು.

ಬಳಸುವ ಕ್ರಮ ಹೀಗಿರಲಿ: ಒಂದು ಪ್ರಶ್ನೆಗೆ 23 ನಿಮಿಷ ಇಟ್ಟುಕೊಂಡು ಪೂರ್ತಿ ವಾಕ್ಯಗಳಲ್ಲಿ ಬರೆಯಿರಿ. 'ಐಡೆಂಟಿಫೈ' ಎಂದಲ್ಲಿ ಹೆಸರಿಸಿದರೆ ಸಾಕು. 'ಎಕ್ಸ್‌ಪ್ಲೇನ್' ಎಂದಲ್ಲಿ ಹೇಗೆ ಅಥವಾ ಏಕೆ ಎಂಬುದು ಬರಲೇಬೇಕು. ಎರಡು ಕಾರಣ ಕೇಳಿದರೆ ಎರಡೇ ಬರೆಯಿರಿ. ಆಮೇಲೆ ಸೂಚಿ ಹಿಡಿದು ಬಿಗಿಯಾಗಿ ಅಂಕ ಹಾಕಿ, ತಪ್ಪಿದ ಭಾಗವನ್ನು ಮಾತ್ರ ಪುಸ್ತಕದಲ್ಲಿ ಓದಿ, ವಾರ ಬಿಟ್ಟು ಅದೇ ಭಾಗವನ್ನು ಮತ್ತೆ ಬರೆಯಿರಿ. ಹೊಸಬರು ಪ್ರಯೋಗ ರೂಪಿಸುವ ಪ್ರಶ್ನೆಯಿಂದ ಶುರುಮಾಡಲಿ; ಒಮ್ಮೆಗೆ ಒಂದೇ ಅಂಶ ಬದಲಿಸಿ ಉಳಿದೆಲ್ಲ ಒಂದೇ ರೀತಿ ಇಡಬೇಕೆಂಬುದು ಅಲ್ಲಿ ಚೆನ್ನಾಗಿ ಪಳಗುತ್ತದೆ.