ಊರಿನ ಮನೆ ಮಾರುವ ಅನಿವಾಸಿಗಳು ತೆರಿಗೆ ಪ್ರಮಾಣಪತ್ರದ ವಿಷಯದಲ್ಲಿ ಎಚ್ಚರವಾಗಿರಿ

ವಿದೇಶದಲ್ಲಿದ್ದುಕೊಂಡು ಕೊಡಗಿನ ಮನೆಯನ್ನೋ ನಿವೇಶನವನ್ನೋ ಮಾರಲು ಹೊರಟವರ ಬಳಿಗೆ, ‘ತೆರಿಗೆಯ ವಿಷಯ ನನಗೆ ಬಿಡಿ’ ಎಂದು ಬರುವ ಮಧ್ಯವರ್ತಿಗಳ ಕುರಿತು ಈ ಬರಹ. ನಾನು ಇಂಗ್ಲೆಂಡಿನಲ್ಲಿ ನೆಲೆಸಿ ಹಲವು ವರ್ಷಗಳಾದವು. ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ನೋಂದಣಿ ವೆಚ್ಚವೂ ಸೇರಿ 38 ಲಕ್ಷ ರೂಪಾಯಿಗೆ ಹಿಂದೆ ಕೊಂಡಿದ್ದ ಮಡಿಕೇರಿ ಪೇಟೆಯ ಮನೆಯನ್ನು 2025ರಲ್ಲಿ 60 ಲಕ್ಷಕ್ಕೆ ಮಾರಿದೆ. ಮಾರಾಟವೇನೋ ಸುಸೂತ್ರವಾಗಿ ಮುಗಿಯಿತು, ಆದರೆ 5 ಲಕ್ಷ 72 ಸಾವಿರ ರೂಪಾಯಿ ಅನವಶ್ಯಕವಾಗಿ ಸಿಕ್ಕಿಹಾಕಿಕೊಂಡಿತು.

ಮಾರುವವರು ಭಾರತದ ನಿವಾಸಿಯಾಗಿದ್ದು ಆಸ್ತಿಯ ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇಕಡಾ 1ರಷ್ಟು ತೆರಿಗೆ ಹಿಡಿದುಕೊಂಡರೆ ಸಾಕು. ಮಾರುವವರು ಅನಿವಾಸಿಯಾದರೆ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 195ನೆಯ ಕಲಮು ಅನ್ವಯಿಸುತ್ತಿತ್ತು. ದೀರ್ಘಾವಧಿ ಲಾಭಕ್ಕೆ 2024ರ ಜುಲೈ 23ರಿಂದ ಶೇಕಡಾ 12.5ರ ದರವಿದೆ, ಮೊತ್ತ 50 ಲಕ್ಷ ದಾಟಿದ್ದರಿಂದ ಅದರ ಮೇಲೆ ಶೇಕಡಾ 10ರ ಸರ್‌ಚಾರ್ಜ್, ಎರಡರ ಮೇಲೂ ಶೇಕಡಾ 4ರ ಸೆಸ್ ಸೇರಿ ಒಟ್ಟು ಶೇಕಡಾ 14.3 ಆಗುತ್ತದೆ. ಇದನ್ನು ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ ಹಿಡಿಯುವುದು ರೂಢಿ. ನನ್ನ ಲಾಭ 22 ಲಕ್ಷ. ಅದಕ್ಕೆ ನಿಜವಾಗಿ ಬರುವ ತೆರಿಗೆ ಸೆಸ್ ಸೇರಿ 2,86,000 ರೂಪಾಯಿ. ಕಡಿತವಾದದ್ದು 8,58,000. ವ್ಯತ್ಯಾಸದ ಹಣ ರಿಟರ್ನ್ ಸಲ್ಲಿಸಿದ ಮೇಲೆ ಮರುಪಾವತಿಯಾಗಿ ಬರಬೇಕು, ಅಲ್ಲಿಯವರೆಗೆ ಸರ್ಕಾರದ ಬಳಿಯೇ ಇರುತ್ತದೆ.

ಇದನ್ನು ತಪ್ಪಿಸುವ ದಾರಿ ಕಾನೂನಿನಲ್ಲೇ ಇದೆ. ಆಗಿನ ಕಾಯ್ದೆಯ 197ನೆಯ ಕಲಮಿನಡಿ ನಮೂನೆ 13ರಲ್ಲಿ ಅರ್ಜಿ ಹಾಕಿ, ನಿಜವಾದ ಲಾಭದ ಲೆಕ್ಕ ತೋರಿಸಿದರೆ, ಇಂತಿಷ್ಟೇ ತೆರಿಗೆ ಹಿಡಿಯಿರಿ ಎಂಬ ಪ್ರಮಾಣಪತ್ರವನ್ನು ಇಲಾಖೆ ಕೊಡುತ್ತಿತ್ತು. ನಾನು ಅನಿವಾಸಿ ಎಂಬುದನ್ನು ಮೊದಲ ದಿನವೇ ಲಿಖಿತವಾಗಿ ತಿಳಿಸಿ, ಈ ಪ್ರಮಾಣಪತ್ರ ಮಾಡಿಸಿಕೊಡಲು ಮಧ್ಯವರ್ತಿಗೆ ಶುಲ್ಕವನ್ನೂ ಕೊಟ್ಟೆ.

ಆ ಮನುಷ್ಯನ ಮಾತಿನ ವರಸೆಯನ್ನು ಹೇಳಲೇಬೇಕು, ಏಕೆಂದರೆ ನಾಳೆ ನೀವೂ ಅದನ್ನೇ ಕೇಳುವಿರಿ. “ಕೊಡಗಿನ ಜಾಗ ಅಂದ್ರೆ ಕೃಷಿ ಜಾಗವೇ ಸಾರ್, ತೆರಿಗೆ ಎಲ್ಲಿಂದ ಬಂತು?” ಎಂಬುದು ಮೊದಲ ಮಾತು. ಪಟ್ಟಣದಿಂದ ನಿಗದಿತ ದೂರದಾಚೆಗಿನ ಕೃಷಿ ಭೂಮಿಗೆ ಬಂಡವಾಳ ಲಾಭದ ತೆರಿಗೆ ಇಲ್ಲವೆಂಬುದು ನಿಜ. ಕಾಫಿ ತೋಟದ ಲೆಕ್ಕವೇ ಬೇರೆ, ಅನಿವಾಸಿಯೊಬ್ಬ ಅದನ್ನು ಇನ್ನೊಬ್ಬ ಅನಿವಾಸಿಗೆ ಮಾರುವಂತೆಯೂ ಇಲ್ಲ. ಆದರೆ ಪರಿವರ್ತನೆಯಾದ ನಿವೇಶನದ ಮೇಲೆ ಪೇಟೆಯ ನಡುವೆ ನಿಂತ ಮನೆ ಯಾವ ಲೆಕ್ಕದಲ್ಲಿ ಕೃಷಿ ಜಾಗವಾದೀತು? ಅದು ನಡೆಯದಿದ್ದಾಗ, ಆಧಾರ್‌ನಲ್ಲಿ ಊರಿನ ವಿಳಾಸವೇ ಇರುವುದರಿಂದ ಶೇಕಡಾ 1 ಹಿಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದರು. ಇದು ಎಲ್ಲಕ್ಕಿಂತ ಅಪಾಯದ ಸಲಹೆ. ಕಡಿಮೆ ಹಿಡಿದರೆ ಬಾಕಿಯೂ ತಿಂಗಳ ಬಡ್ಡಿಯೂ ಕೊಂಡವರ ತಲೆಗೆ ಬರುತ್ತದೆ. ಅದಕ್ಕೂ ನಾನು ಒಪ್ಪದಿದ್ದಾಗ, “ಸರ್ಟಿಫಿಕೇಟ್ ಬಂದೇ ಬಿಡ್ತದೆ” ಎಂಬ ಮೂರನೆಯ ರಾಗ ಶುರುವಾಯಿತು.

ಅರ್ಜಿ ಹಾಕಿದ್ದಕ್ಕೆ ದಾಖಲೆ ಕೇಳಿದಾಗ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಬಂತು. ಕಂಪ್ಯೂಟರ್ ಪರದೆಯನ್ನು ಮೊಬೈಲಿನಲ್ಲಿ ಓರೆಯಾಗಿ ತೆಗೆದದ್ದು. ನನ್ನ ಹೆಸರು, ಪ್ಯಾನ್ ಎಲ್ಲ ಸ್ಪಷ್ಟವಾಗಿದ್ದವು, ಅರ್ಜಿಯ ಸಂಖ್ಯೆ ಇರಬೇಕಾದ ಮೂಲೆಯಲ್ಲಿ ಮಾತ್ರ ಯಾರದೋ ಹೆಬ್ಬೆರಳು ಅಡ್ಡವಿತ್ತು. ಸಂಖ್ಯೆ ಕಳುಹಿಸಿ ಎಂದರೆ, ಮಳೆಗೆ ಕರೆಂಟ್ ಇಲ್ಲ, ನೆಟ್ ಇಲ್ಲ ಎಂಬ ಉತ್ತರ. ಜುಲೈ ತಿಂಗಳ ಮಡಿಕೇರಿಯಲ್ಲಿ ಈ ಮಾತನ್ನು ಸುಳ್ಳೆನ್ನುವುದು ಕಷ್ಟ ಎಂಬುದು ಅವರಿಗೂ ಗೊತ್ತಿತ್ತು.

ನನ್ನ ಪರವಾಗಿ ಸಹಿ ಹಾಕಲು ಭಾವನವರಿಗೆ ಅಧಿಕಾರ ಪತ್ರ ಕೊಟ್ಟಿದ್ದೆ. ಇಲ್ಲಿನ ನೋಟರಿಯ ಮುಂದೆ ಸಹಿ, ಅದನ್ನು ಹೊರದೇಶದಲ್ಲಿ ಒಪ್ಪುವಂತೆ ಇಲ್ಲಿನ ಸರ್ಕಾರ ದೃಢೀಕರಿಸುವ ಅಪೋಸ್ಟಿಲ್ ಮುದ್ರೆ, ಅದು ರಾಜ್ಯಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಎಲ್ಲವೂ ಕ್ರಮವಾಗಿ ಆಗಿದ್ದವು. ನೋಂದಣಿಯ ದಿನ ಇಲ್ಲಿ ಬೆಳಕು ಹರಿಯುವ ಹೊತ್ತಿಗೆ ಭಾವ ಉಪನೋಂದಣಿ ಕಚೇರಿಯಿಂದ ಫೋನ್ ಮಾಡಿದರು. ಕೊಳ್ಳುವವರ ಆಡಿಟರ್ ಕೇಳಿದ್ದು ಒಂದೇ ಪ್ರಶ್ನೆಯಂತೆ: “ಅರ್ಜಿ ಹಾಕಿದ್ದರೆ ಇವರ ಟ್ಯಾನ್ ಬೇಕಿತ್ತಲ್ಲ, ಯಾರು ಕೇಳಿದ್ದು?” ಯಾರೂ ಕೇಳಿರಲಿಲ್ಲ. ಅನಿವಾಸಿಯ ಆಸ್ತಿ ಕೊಳ್ಳಲು ಆಗ ಬೇಕಿದ್ದರಿಂದ ಕೊಳ್ಳುವವರು ಟ್ಯಾನ್, ಅಂದರೆ ತೆರಿಗೆ ಹಿಡಿದು ಕಟ್ಟುವವರ ಗುರುತಿನ ಸಂಖ್ಯೆ, ಪಡೆದಿಟ್ಟಿದ್ದರು, ಪ್ರಮಾಣಪತ್ರ ಹೊರಡುತ್ತಿದ್ದುದು ಆ ಟ್ಯಾನ್‌ನ ಹೆಸರಿಗೇ. ಅಂದರೆ ಅರ್ಜಿಯೇ ಹೋಗಿರಲಿಲ್ಲ. ಬ್ಯಾಂಕ್ ಸಾಲ ಮಂಜೂರಾಗಿ ಮುದ್ರಾಂಕ ಶುಲ್ಕ ಕಟ್ಟಿದ್ದರಿಂದ ಮುಂದೂಡುವ ಹಾಗಿರಲಿಲ್ಲ. ಅವರು ಪೂರ್ತಿ ಶೇಕಡಾ 14.3 ಹಿಡಿದರು. ಅವರ ಸ್ಥಾನದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ.

ಇಂಗ್ಲೆಂಡಿನ ತಲೆನೋವು ಬೇರೆ. ಇಲ್ಲಿನ ನಿವಾಸಿಯಾದ ನಾನು ಊರಿನ ಮನೆಯ ಲಾಭವನ್ನು ಇಲ್ಲಿಯೂ ಪೌಂಡ್‌ಗೆ ಪರಿವರ್ತಿಸಿ ತೋರಿಸಬೇಕು. ಭಾರತದಲ್ಲಿ ಕಟ್ಟಿದ ತೆರಿಗೆಗೆ ವಿನಾಯಿತಿ ಸಿಗುತ್ತದೆ, ಆದರೆ ನ್ಯಾಯವಾಗಿ ಸಲ್ಲಬೇಕಾದ 2,86,000ಕ್ಕೆ ಮಾತ್ರ. ಹೆಚ್ಚು ಹಿಡಿದದ್ದನ್ನು ಇಲ್ಲಿನ ಇಲಾಖೆ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಭಾರತದ ತೆರಿಗೆ ವರ್ಷ ಮಾರ್ಚ್ 31ಕ್ಕೆ ಮುಗಿದರೆ ಇಲ್ಲಿನದು ಏಪ್ರಿಲ್ 5ಕ್ಕೆ. ಮಾರಿದ ಹಣವನ್ನು ಎನ್‌ಆರ್‌ಒ ಖಾತೆಯಿಂದ (ಭಾರತದಲ್ಲಿ ಬರುವ ಹಣ ಇಡಲು ಅನಿವಾಸಿಗಳಿಗಿರುವ ಬ್ಯಾಂಕ್ ಖಾತೆ) ಹೊರಗೆ ಕಳುಹಿಸಲು ಹಳೆಯ ಕಾಯ್ದೆಯಡಿ ನಮೂನೆ 15ಸಿಎ ಎಂಬ ಘೋಷಣೆ, ಲೆಕ್ಕ ಪರಿಶೋಧಕರ 15ಸಿಬಿ ಪ್ರಮಾಣಪತ್ರ ಬೇಕಿತ್ತು. ಅಲ್ಲಿ ಮತ್ತೊಬ್ಬರಿಗೆ ಮತ್ತೊಂದು ಶುಲ್ಕ.

ಮಾರಾಟಕ್ಕೆ ಹೊರಟವರು ಟ್ರೇಸಸ್ ಎಂಬ, ಆದಾಯ ತೆರಿಗೆ ಇಲಾಖೆಯ ತೆರಿಗೆ ಕಡಿತದ ಜಾಲತಾಣದ ಲಾಗಿನ್ ಮತ್ತು ಪಾಸ್‌ವರ್ಡನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳಲಿ; ಅರ್ಜಿ ಎಲ್ಲಿದೆ ಎಂಬುದು ಅಲ್ಲೇ ಕಾಣುತ್ತದೆ. ಮುಂಗಡದ ಹಣಕ್ಕೂ ಕಡಿತ ಅನ್ವಯಿಸುವುದರಿಂದ, ಪ್ರಮಾಣಪತ್ರ ಕೈಗೆ ಬರುವ ಮೊದಲು ದೊಡ್ಡ ಮುಂಗಡ ಬೇಡ. ಅದು ಹಿಂದಿನ ಪಾವತಿಗೆ ಅನ್ವಯಿಸುವುದಿಲ್ಲ. ಪ್ಯಾನ್‌ನಲ್ಲಿ ಅನಿವಾಸಿ ಎಂದು ದಾಖಲಾಗಿದೆಯೇ ಎಂದೂ ನೋಡಿಕೊಳ್ಳಿ, ಅದು ನಿಷ್ಕ್ರಿಯವಾಗಿದ್ದರೆ ಕಡಿತದ ದರವೇ ಏರುತ್ತದೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಯಾಗಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ, ಹಳೆಯ ಸಂಖ್ಯೆಗಳನ್ನೇ ಉರುಹೊಡೆದು ಹೇಳುವವರನ್ನು ಇನ್ನೆರಡು ಪ್ರಶ್ನೆ ಕೇಳಿ. ನಮ್ಮ ಮಧ್ಯವರ್ತಿ ಶುಲ್ಕವನ್ನು ಇನ್ನೂ ಹಿಂದಿರುಗಿಸಿಲ್ಲ; ‘ಎನ್‌ಆರ್‌ಐಗಳ ಆಸ್ತಿ ವ್ಯವಹಾರಕ್ಕೆ ಸಂಪರ್ಕಿಸಿ’ ಎಂಬ ಅವರ ಸಂದೇಶ ಮಾತ್ರ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಈಗಲೂ ಓಡಾಡುತ್ತಿದೆ.